ರೇಡಿಯೋ ಅಮ್ಮನ ಆಂಪ್ಲಿಫೈಯರ್

ಆ ಮನೆಯಲ್ಲಿ ಸೊಸೆ ಮೊದಲ ಸಲ ದನಿ ಏರಿಸಿದ್ದು ಕಾಳು ಸೀದುಹೋದ ದಿನ. ಕುಕ್ಕರನ್ನು ಒಲೆಯ ಮೇಲಿಟ್ಟು, ನಾಲ್ಕು ಸಲ ಕೂಗಿದ ಮೇಲೆ ಆರಿಸಿಬಿಡಿ ಎಂದು ಮಾವನಿಗೆ ಹೇಳಿ ಅವಳು ಸ್ನಾನಕ್ಕೆ ಹೋಗಿದ್ದಳು. ಗಂಡ ಬೆಳಗಿನ ಪಾಳಿಗೆ ಹೊರಟುಹೋಗಿದ್ದ. ಅತ್ತೆ ಹಾಲು ತರಲು ಹೋಗಿದ್ದರು. ಅವಳು ತಲೆ ಒರೆಸಿಕೊಳ್ಳುತ್ತ ಈಚೆ ಬರುವ ಹೊತ್ತಿಗೆ ಅಡುಗೆಮನೆ ತುಂಬ ಹೊಗೆ. ಕುಕ್ಕರು ಕೂಗಿ ಕೂಗಿ ನೀರಾರಿ, ಕಾಳು ತಳ ಹಿಡಿದು ಕರಕಲಾಗಿತ್ತು. ಮಾವ ಬಾಗಿಲ ಪಕ್ಕದ ಕುರ್ಚಿಯಲ್ಲೇ ಒಲೆಗೆ ಬೆನ್ನು ಹಾಕಿ ಪೇಪರ್ ಹಿಡಿದು ಕೂತಿದ್ದವರು, ವಾಸನೆ ಮೂಗಿಗೆ ಬಡಿದು ಆಗತಾನೇ ತಲೆ ಎತ್ತಿದ್ದರು.

"ಹೇಳಿ ಹೋಗಿದ್ನಲ್ಲ ಮಾವ. ಒಂದು ಒಲೆ ಆರಿಸೋದಕ್ಕೂ ಆಗಲ್ವಾ?"

ಅವರು ಕುಕ್ಕರನ್ನು ನೋಡಿದರು, ಸೊಸೆಯನ್ನು ನೋಡಿದರು. ಈ ಕುಕ್ಕರಿನ ಸೀಟಿ ಕೆಟ್ಟಿದೆ, ನಾನು ಸರಿ ಮಾಡ್ತೀನಿ ಎಂದು ಅದರ ಗುಂಡನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಮುಂದಿನ ಕೋಣೆಗೆ ಹೋಗಿಬಿಟ್ಟರು. ಸಂಜೆ ಅವಳು ಕೆಲಸದಿಂದ ಬಂದಾಗ ಆ ಗುಂಡನ್ನು ತಂತಿಯಿಂದ ಕೆರೆದು, ಹೊಳೆಯುವಂತೆ ತಿಕ್ಕಿ, ಅಡುಗೆಕಟ್ಟೆಯ ಮೇಲೆ ಇಟ್ಟಿತ್ತು. ಸೀದ ಪಾತ್ರೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅದನ್ನು ಉಜ್ಜುತ್ತ ಅವಳಿಗೆ ಕಣ್ಣಲ್ಲಿ ನೀರು ಬಂತು.

ಮಾವ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವರು. ಬೀದಿಯವರು ಅವರನ್ನು ಆಂಪ್ಲಿ ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಅವರು ಪಾಠ ಹೇಳಿದವರಲ್ಲ. ಕೆಟ್ಟ ಸಾಮಾನು ತಂದವರನ್ನು ಹೋಮ್‌ವರ್ಕ್ ಮಾಡದೆ ಬಂದ ಮಕ್ಕಳಂತೆ ಗದರಿಸುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ರಸ್ತೆ ಕಡೆಯ ಕೋಣೆಯೇ ಅಂಗಡಿ. ಸಂಜೆ ಬಾಗಿಲು ಹಾಕಿದ ಮೇಲೆ ಬೆಂಚಿನ ಪಕ್ಕದಲ್ಲಿ ಹಾಸಿಗೆ ಬಿಚ್ಚಿದರೆ ಅದೇ ಮಗ ಸೊಸೆಯ ಮಲಗುವ ಕೋಣೆ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಸೊಸೆಯ ದಿಂಬಿಗೆ ಬೆಸುಗೆಯ ರಾಳದ ವಾಸನೆ ಹತ್ತಿತ್ತು. ಅವಳು ಅದಕ್ಕೆ ಹೊಂದಿಕೊಂಡಿದ್ದಳು. ಹೊಂದಿಕೊಳ್ಳಲು ಆಗದೆ ಇದ್ದದ್ದು ಬೇರೆ.

ಅವಳು ಮಾತಾಡಿದರೆ ಮಾವ ಉತ್ತರ ಕೊಡುತ್ತಿರಲಿಲ್ಲ. ಊಟಕ್ಕೆ ಬನ್ನಿ ಅಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಅವಳು ಹೇಳಿದ್ದನ್ನೇ ಅತ್ತೆ ಬಾಗಿಲಲ್ಲಿ ನಿಂತು, ಒಂದೊಂದೇ ಅಕ್ಷರ ಬಿಡಿಸಿ, ಬಾಯಿ ಅಗಲ ಮಾಡಿ ಇನ್ನೊಂದು ಸಲ ಹೇಳುತ್ತಿದ್ದರು. ಆಗ ಅವರು ಎದ್ದು ಬರುತ್ತಿದ್ದರು. ಅವಳು ಕೆಲಸ ಮಾಡುವುದು ಔಷಧಿ ಅಂಗಡಿಯಲ್ಲಿ. ದಿನವಿಡೀ ಮೆತ್ತಗೆ ಮಾತಾಡಿ ರೂಢಿ. ನನ್ನ ಮಾತನ್ನ ನಿಮ್ಮಮ್ಮ ಅಣಕಿಸ್ತಾರೆ, ನಿಮ್ಮಪ್ಪ ನನ್ನನ್ನ ಮನುಷ್ಯಳ ಲೆಕ್ಕಕ್ಕೇ ಇಟ್ಟಿಲ್ಲ ಎಂದು ಅವಳು ಗಂಡನ ಹತ್ತಿರ ಹೇಳಿದಳು. ಅವನು ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೆಲಸಕ್ಕಿದ್ದ. ಕೈ ತೊಳೆಯುತ್ತಿದ್ದವನು ಸೋಪು ಹಚ್ಚಿದ ಬೆರಳುಗಳನ್ನೇ ನೋಡುತ್ತ, ಅಪ್ಪ ಮೊದಲಿಂದಲೂ ಹಾಗೇ, ಮನಸಿಗೆ ಹಚ್ಚಿಕೋಬೇಡ ಅಂದ.

ಅದೇ ವಾರ ರೇಡಿಯೋ ಅಮ್ಮನ ಆಂಪ್ಲಿಫೈಯರ್ ಬಂತು.

ಆಕೆ ಒಂದು ಕಾಲದಲ್ಲಿ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರು. ನಿವೃತ್ತಿಯಾದ ಮೇಲೆ ಒಬ್ಬರೇ ಇದ್ದು ದಿನಾ ಮಧ್ಯಾಹ್ನ ತಮ್ಮ ಹಳೆಯ ರೆಕಾರ್ಡುಗಳನ್ನು ಕೇಳುತ್ತಿದ್ದರು. ಬಹಳ ಹಿಂದೆ ಒಂದು ರೆಕಾರ್ಡಿಂಗ್ ಸ್ಟುಡಿಯೋ ಮುಚ್ಚಿದಾಗ ಮೇಷ್ಟ್ರು ಅಲ್ಲಿಂದ ಒಂದೇ ಜಾತಿಯ ಎರಡು ಪವರ್ ಆಂಪ್ಲಿಫೈಯರ್ ತಂದಿದ್ದರು. ಒಂದು ಆಕೆಗೆ ಹೋಯಿತು, ಒಂದು ಮೇಷ್ಟ್ರ ಬೆಂಚಿನ ಪಕ್ಕದಲ್ಲೇ ಉಳಿಯಿತು. ಇಬ್ಬರು ಹಿಡಿದು ಎತ್ತಬೇಕಾದಷ್ಟು ಭಾರ. ಎರಡೂ ಬದಿಗೆ ಶಾಖ ಬಿಡುವ ಅಲ್ಯೂಮಿನಿಯಂ ರೆಕ್ಕೆಗಳು. ಮಧ್ಯೆ ಕುಂಬಳಕಾಯಿ ಗಾತ್ರದ ಟ್ರಾನ್ಸ್‌ಫಾರ್ಮರ್. ಈಗ ಅಂಥದ್ದನ್ನು ಯಾರೂ ಮಾಡುವುದಿಲ್ಲ, ಅದರೊಳಗಿನ ದೊಡ್ಡ ಟ್ರಾನ್ಸಿಸ್ಟರುಗಳೂ ಎಲ್ಲೂ ಸಿಗುವುದಿಲ್ಲ ಎಂದು ಮೇಷ್ಟ್ರು ಬಂದವರಿಗೆಲ್ಲ ಹೇಳುವರು.

ಆಕೆಯ ದೂರು ಸಣ್ಣದು. ಹಾಡಿನ ಹಿಂದೆ ಗುಂಯ್ ಎಂಬ ಸದ್ದು ಸೇರಿಕೊಳ್ಳುತ್ತಿತ್ತು. ಮೇಷ್ಟ್ರು ಮುಚ್ಚಳ ತೆಗೆದು, ಒಳಗೆ ಉಳಿದಿದ್ದ ಕರೆಂಟನ್ನು ಹುಷಾರಾಗಿ ಇಳಿಸಿ, ಒಣಗಿಹೋಗಿದ್ದ ಡಬ್ಬಿಗಾತ್ರದ ಕೆಪಾಸಿಟರುಗಳನ್ನು ಬದಲಾಯಿಸಿದರು. ಒಂದು ಬಲ್ಬನ್ನು ನಡುವೆ ಸೇರಿಸಿ ಕರೆಂಟು ಕೊಟ್ಟರು. ಬಲ್ಬು ಒಮ್ಮೆ ಝಗ್ಗೆಂದು ಹೊತ್ತಿ ಮಂಕಾಯಿತು. ಅಂದರೆ ಒಳಗೆಲ್ಲ ಸರಿಯಿದೆ. ಕೆಲಸ ಅಲ್ಲಿಗೆ ಮುಗಿದಿತ್ತು.

ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಕೆಲವು ತಿಂಗಳಿಂದ ಅವರಿಗೆ ತಮ್ಮ ಆಂಪ್ಲಿಫೈಯರಿನ ಮೇಲೆ ಒಂದು ಅಸಮಾಧಾನ. ದನಿ ಮುಸುಕು ಹಾಕಿಕೊಂಡಂತಿದೆ, ತಂತಿವಾದ್ಯದ ಹೊಳಪು ಹೋಗಿದೆ, ಮೇಲಿನ ಸ್ವರಗಳೆಲ್ಲ ಸತ್ತಿವೆ ಎನ್ನುತ್ತಿದ್ದರು. ಒಂದೊಂದೇ ಭಾಗ ಬದಲಾಯಿಸಿ ನೋಡಿ, ಕೊನೆಗೆ ಮೇಲಿನ ಸ್ವರಗಳಿಗೆ ಕಡಿವಾಣದಂತಿದ್ದ ಒಂದು ಪುಟ್ಟ ಕೆಪಾಸಿಟರನ್ನು ಕಿತ್ತು ಹಾಕಿದ್ದರು. ಆಗ ಸ್ವಲ್ಪ ಜೀವ ಬಂದಂತಾಗಿತ್ತು. ಅಂದಿನಿಂದ ಅವರು ಸಂಜೆ ಹಾಡು ಹಾಕಿದರೆ ಪಕ್ಕದ ಮನೆಯವರು ಗೋಡೆ ಗುದ್ದುತ್ತಿದ್ದರು. ಅತ್ತೆ ಏನಾದರೊಂದು ನೆಪ ಹೇಳಿ ಹಿತ್ತಿಲಿಗೆ ಹೋಗುತ್ತಿದ್ದರು.

ರೇಡಿಯೋ ಅಮ್ಮನ ಆಂಪ್ಲಿಫೈಯರಿಗೂ ಮೇಷ್ಟ್ರು ಅದೇ ಉಪಕಾರ ಮಾಡಿದರು. ಹೇಳದೆ ಮಾಡಿದರು. ಕೇಳಿದಾಗ ಖುಷಿಯಾಗಲಿ ಎಂದು.

ಅತ್ತೆ ಸೊಸೆಗೆ ವಿಷಯ ಹೇಳಿದ್ದು ಒಂದು ರಜೆಯ ದಿನ, ಹಿತ್ತಿಲಲ್ಲಿ ಹೊದಿಕೆ ಮಡಚುವಾಗ. ಇಬ್ಬರೂ ಒಂದೊಂದು ತುದಿ ಹಿಡಿದಿದ್ದರು. ಒಳಗೆ ಮೇಷ್ಟ್ರು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಕಾಫಿ ಕುಡಿಯುತ್ತೀರಾ ಮಾವ ಎಂದು ಸೊಸೆ ಕೂಗಿದಳು. ಉತ್ತರವಿಲ್ಲ. ಅವಳ ಮುಖ ಗಂಟಾಯಿತು. ಅತ್ತೆ ಹೊದಿಕೆಯ ತಮ್ಮ ತುದಿಯನ್ನು ತಂದು ಅವಳ ತುದಿಗೆ ಸೇರಿಸಿದರು. ಹತ್ತಿರ ಬಂದವರು ಅಲ್ಲೇ ನಿಂತರು.

"ನಿನ್ನನ್ನ ಅಣಕಿಸ್ತಿರ್ಲಿಲ್ಲ ಕಣೇ ನಾನು. ಅವರಿಗೆ ಕೇಳಿಸಲ್ಲ."

"ಏನು ಕೇಳಿಸಲ್ಲ?"

"ಸಣ್ಣ ದನಿ ಕೇಳಿಸಲ್ಲ. ಹೆಂಗಸರ ದನಿ, ಫೋನು, ಹಕ್ಕಿ, ನಿನ್ನ ಕುಕ್ಕರು. ನನ್ನ ಬಾಯಿ ನೋಡಿ ತಿಳ್ಕೋತಾರೆ. ಗಿರಾಕಿ ಬಂದ್ರೆ ನಾನು ಪಕ್ಕದಲ್ಲಿ ನಿಂತಿರ್ತೀನಲ್ಲ, ಯಾಕೆ ಅಂದ್ಕೊಂಡಿದ್ದೆ?"

ಎಷ್ಟು ದಿನದಿಂದ ಎಂದು ಸೊಸೆ ಕೇಳಿದಳು. ವರ್ಷಗಳಿಂದ ಎಂದು ಅತ್ತೆ ಹೇಳಿದರು. ಅವರಿಗೆ ಗೊತ್ತಾ ಎಂದು ಕೇಳಿದ್ದಕ್ಕೆ, ಗೊತ್ತಿದ್ದರೂ ಗೊತ್ತಿಲ್ಲ, ಆಂಪ್ಲಿಫೈಯರೇ ಕೆಟ್ಟಿದೆ ಅಂತ ನಂಬಿಕೊಂಡಿದ್ದಾರೆ ಅಂದರು. ಕಿವಿಯಿಂದ ಅನ್ನ ತಿಂದ ಮನುಷ್ಯ, ಅವರಿಗೆ ಹೇಗೆ ಹೇಳೋದು ನೀನೇ ಹೇಳು, ಎಂದು ಹೊದಿಕೆಯನ್ನು ಅವಳ ಕೈಗೆ ಕೊಟ್ಟು ಮುಂದಿನದನ್ನು ತಂತಿಯಿಂದ ಎಳೆದುಕೊಂಡರು. ಸೊಸೆಯ ಸಿಟ್ಟು ಇಳಿಯಿತು. ಇಳಿದ ಜಾಗಕ್ಕೆ, ನಿಜ ತಿಳಿದರೆ ಈ ಮನುಷ್ಯ ಏನಾಗುತ್ತಾರೋ ಎಂಬ ಭಯ ಬಂದು ಕೂತಿತು. ಗಂಡನಿಗೂ ಇದು ಮೊದಲೇ ಗೊತ್ತಿತ್ತೆಂದು ತಿಳಿದಾಗ ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ರೇಡಿಯೋ ಅಮ್ಮನ ಆಂಪ್ಲಿಫೈಯರ್ ಬಾಡಿಗೆ ಗಾಡಿಯಲ್ಲಿ ವಾಪಸು ಬಂತು. ಆಕೆಯೂ ಜೊತೆಗೆ ಬಂದಿದ್ದರು. ದನಿ ಕಿವಿಗೆ ಸೂಜಿ ಚುಚ್ಚಿದ ಹಾಗಿದೆ, ಒಂದು ಹಾಡು ಮುಗಿಯೋದರೊಳಗೆ ತಲೆನೋವು, ಪೆಟ್ಟಿಗೆ ಮುಟ್ಟಿದರೆ ಕೈ ಸುಡುತ್ತೆ ಎಂದರು. ಅತ್ತೆ ಮೇಷ್ಟ್ರ ಕಡೆ ತಿರುಗಿ, ಸ್ವಲ್ಪ ಬಿಸಿಯಾಗ್ತಿದೆಯಂತೆ ಅಂದರು. ಮೇಷ್ಟ್ರು ಅದನ್ನು ಬೆಂಚಿನ ಸ್ಪೀಕರಿಗೆ ಜೋಡಿಸಿ ಕೇಳಿ, ಇದರಲ್ಲಿ ಏನೂ ದೋಷವಿಲ್ಲ, ಹೊಸದರಲ್ಲೂ ಇಷ್ಟು ಚೆನ್ನಾಗಿರಲಿಲ್ಲ ಎಂದರು. ಸೊಸೆ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. ಹಾಡಿನ ಮೇಲೆ ತಗಡನ್ನು ಮೊಳೆಯಿಂದ ಗೀರಿದಂಥ ಇನ್ನೊಂದು ಸದ್ದು ಇತ್ತು.

ಆ ಭಾನುವಾರ ಮೇಷ್ಟ್ರೂ ಅತ್ತೆಯೂ ಕಾಯಿಲೆಯಾಗಿದ್ದ ನೆಂಟರನ್ನು ನೋಡಲು ಹೋದರು. ಅವರು ಬೀದಿ ತಿರುಗಿದ ಕೂಡಲೇ ಮಗ ಬೆಂಚಿನ ಮುಂದೆ ಕೂತ. ಹುಡುಗನಾಗಿದ್ದಾಗ ಅದೇ ಬೆಂಚಿನಲ್ಲಿ ಕೆಲಸ ಕಲಿತಿದ್ದವನು. ಅಪ್ಪ ಎರಡನೆಯ ಅಭಿಪ್ರಾಯ ಸಹಿಸದವರಾದ್ದರಿಂದ ಲಿಫ್ಟುಗಳ ಪಾಲಾಗಿದ್ದ. ಸೊಸೆ ಟಾರ್ಚು ಹಿಡಿದಳು. ಅವನು ಅಪ್ಪ ಕಿತ್ತ ಜಾಗಕ್ಕೆ ಪುಟ್ಟ ಕೆಪಾಸಿಟರನ್ನು ಮತ್ತೆ ಕೂರಿಸಿ ಬೆಸುಗೆ ಹಾಕಿದ. ಕಿರುಚು ನಿಂತಿತು.

"ಅವರಿಗೆ ನೇರವಾಗಿ ಹೇಳಿ. ಇದು ಕಳ್ಳತನದ ಹಾಗಿದೆ," ಎಂದಳು ಸೊಸೆ.

"ನೀನು ಹೇಳ್ತೀಯಾ?"

ಅವಳು ಟಾರ್ಚು ಆರಿಸಿದಳು. ಯಾರು ಹೇಳುವುದೆಂದು ತೀರ್ಮಾನವಾಗಲಿಲ್ಲ. ರೇಡಿಯೋ ಅಮ್ಮ ತಗೊಂಡು ಹೋದರು. ಈಗ ಚೆನ್ನಾಗಿದೆ ಎಂದು ಫೋನ್ ಮಾಡಿದರು. ಅತ್ತೆ ಅದನ್ನು ಗಂಡನಿಗೆ ದೊಡ್ಡ ದನಿಯಲ್ಲಿ ಹೇಳಿದರು. ಮೇಷ್ಟ್ರು ಎರಡು ಮೊಟ್ಟೆ ಜಾಸ್ತಿ ತಿಂದರು. ಹೊಸ ದನಿಗೆ ಕಿವಿ ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಕು, ನಾನು ಹೇಳಿರಲಿಲ್ಲವಾ ಅಂದರು.

ಇದು ಹಾಗೆಯೇ ಮುಚ್ಚಿಹೋಗುತ್ತಿತ್ತೇನೋ. ಆದರೆ ಸ್ವಲ್ಪ ದಿನಕ್ಕೆ ಅದರ ಸ್ಪೀಕರ್ ತಂತಿ ಸಿಕ್ಕಿಸುವ ಸಾಕೆಟ್ಟು ಸಡಿಲವಾಗಿ, ಆಂಪ್ಲಿಫೈಯರ್ ಮತ್ತೆ ಅಂಗಡಿಗೆ ಬಂತು. ಒಂದು ಸ್ಕ್ರೂ ತಿರುಗಿಸುವಷ್ಟೇ ಕೆಲಸ. ಅದಕ್ಕಾಗಿ ಮೇಷ್ಟ್ರು ಮುಚ್ಚಳ ತೆಗೆದರು.

ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಅವರು ಬರಲಿಲ್ಲ. ಅತ್ತೆ ಎರಡು ಸಲ ಹೋಗಿ ಕರೆದರು. ಮೂರನೆಯ ಸಲ ಅವರೇ ಎದ್ದು ಬಂದು, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮಗನ ತಟ್ಟೆಯ ಪಕ್ಕದಲ್ಲಿ ಇಟ್ಟರು.

"ಒಳಗಿರೋ ಬೆಸುಗೆ ನಂದಲ್ಲ. ಯಾರು ಕೈ ಹಾಕಿದ್ದು?"

ಕಣ್ಣು ಅವರಿಗೆ ಇನ್ನೂ ಚುರುಕು. ತಮ್ಮ ಬೆಸುಗೆಯನ್ನು ಅವರು ತಮ್ಮ ಸಹಿಯಂತೆ ಗುರುತು ಹಿಡಿಯುತ್ತಿದ್ದರು. ಮಗ ತುತ್ತು ನುಂಗಿ, ನಾನೇ ಅಂದ. ಯಾಕೆ ಎಂದು ಕೇಳಿದರು. ಅದು ಕಿರುಚುತ್ತಿತ್ತು ಅಂದ. ಮೇಷ್ಟ್ರು ಸೊಸೆಯ ಕಡೆ ತಿರುಗಿ, ನೀನೂ ಇದ್ದೆಯಾ ಎಂದರು. ಅವಳು ತಲೆ ತಗ್ಗಿಸಿದಳು. ನನ್ನ ಬೆಂಚಿನಲ್ಲಿ, ನನ್ನ ಬೆನ್ನ ಹಿಂದೆ, ನಾನು ಬದುಕಿರುವಾಗಲೇ ನನ್ನ ಕೆಲಸ ಅಳಿಸಿದಿರಿ ಎಂದು ಅವರು ಕೂಗಲಾರಂಭಿಸಿದರು. ಲಿಫ್ಟಿನ ಗುಂಡಿ ಬದಲಾಯಿಸುವವನಿಗೆ ದನಿಯ ವಿಷಯ ಏನು ಗೊತ್ತು ಎಂದರು. ಮಗ ಎದ್ದುನಿಂತ. ಅವನ ಕೈಯಲ್ಲಿ ಅನ್ನ ಹಾಗೇ ಒಣಗುತ್ತಿತ್ತು. ಕೂಗಬೇಕಿದ್ದ ಮಾತನ್ನು ಅವನು ಮೆತ್ತಗೆ ಹೇಳಿಬಿಟ್ಟ.

"ಅಪ್ಪ, ನಿಮಗೆ ಕಿವಿ ಕೇಳಿಸಲ್ಲ."

"ಏನು?"

ಮೇಷ್ಟ್ರು ಅಭ್ಯಾಸದಂತೆ ಹೆಂಡತಿಯ ಮುಖ ನೋಡಿದರು.

"ಏನೇ ಅಂದ ಅವನು?"

ಅತ್ತೆ ಸೌಟನ್ನು ಪಾತ್ರೆಯಲ್ಲಿಟ್ಟರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಆ ಮನೆಯಲ್ಲಿ ಎಲ್ಲರ ಮಾತನ್ನೂ ಅವರೇ ಅಲ್ಲವೇ ಮುಟ್ಟಿಸಬೇಕಾದದ್ದು. ಒಂದೊಂದೇ ಅಕ್ಷರ ಬಿಡಿಸಿ, ಬಾಯಿ ಅಗಲ ಮಾಡಿ ಹೇಳಿದರು.

"ನಿಮಗೆ ಕಿವಿ ಕೇಳಿಸಲ್ಲ ಅಂದ."

ಮೇಷ್ಟ್ರು ಮಗನ ತಟ್ಟೆಯ ಪಕ್ಕದಿಂದ ಸ್ಕ್ರೂಡ್ರೈವರನ್ನು ಎತ್ತಿಕೊಂಡರು. ಆಮೇಲೆ ಮುಂದಿನ ಕೋಣೆಗೆ ಹೋಗಿ, ಮಗ ಕೂರಿಸಿದ್ದ ಕೆಪಾಸಿಟರನ್ನು ಇಕ್ಕಳದಿಂದ ಕತ್ತರಿಸಿ ಎಸೆದರು. ಹಾಡು ಹಾಕಿದರು. ಬನ್ನಿ ಇಲ್ಲಿ, ಎಲ್ಲರೂ ಬಂದು ನಿಲ್ಲಿ ಅಂದರು. ಎಲ್ಲರೂ ಹೋಗಿ ನಿಂತರು. ಅವರು ಆಂಪ್ಲಿಫೈಯರಿನ ಕಡೆ ನೋಡದೆ ಮೂವರ ಮುಖಗಳನ್ನು ನೋಡುತ್ತ ವಾಲ್ಯೂಮ್ ಏರಿಸಿದರು. ಸೊಸೆ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ; ಕೈಗಳು ತಾವಾಗಿ ಕಿವಿಗೆ ಹೋದವು. ಅತ್ತೆ ಕಣ್ಣು ಮುಚ್ಚಿಕೊಂಡರು. ಮಗ, ಆರಿಸಿ ಅಪ್ಪ, ಸುಟ್ಟುಹೋಗುತ್ತೆ ಎಂದು ಕೂಗಿದ. ಮೇಷ್ಟ್ರು ಇನ್ನೂ ಏರಿಸಿದರು. ಅಲ್ಯೂಮಿನಿಯಂ ರೆಕ್ಕೆಯ ಸಂದಿನಿಂದ ಒಂದು ಎಳೆ ಹೊಗೆ ಬಂತು. ಪಟ್ ಎಂದಿತು. ಎಲ್ಲ ನಿಂತಿತು.

ದೊಡ್ಡ ಟ್ರಾನ್ಸಿಸ್ಟರುಗಳ ಒಂದು ಜೋಡಿ ಸತ್ತಿತ್ತು.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಊಟ ಎರಡು ಪಂಕ್ತಿಯಾಯಿತು. ಮೇಷ್ಟ್ರು ಮೊದಲು ಒಬ್ಬರೇ ಉಂಡು ಎದ್ದುಹೋಗುತ್ತಿದ್ದರು. ಅಂಗಡಿಯ ಬಾಗಿಲು ತೆರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ, ಮನೆಯಲ್ಲಿ ಅತ್ತೆ ಮಾತ್ರ ಇದ್ದಾಗ, ಮಂಚದ ಕೆಳಗಿಂದ ಹಳೆಯ ಪರೀಕ್ಷೆಯ ಯಂತ್ರವನ್ನು ಎಳೆದರು. ದನಿಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ ಅದು. ಕಿವಿ ಇರೋವಾಗ ಇದು ಯಾಕೆ ಎಂದು ಒಳಗೆ ತಳ್ಳಿದ್ದರು. ಅದರ ತಂತಿಯನ್ನು ತಮ್ಮ ಸ್ವಂತ ಆಂಪ್ಲಿಫೈಯರಿಗೆ ತಗುಲಿಸಿದರು. ತೆಳ್ಳಗೆ ಏರಿಳಿಯಬೇಕಾದ ಹಸಿರು ಗೆರೆ ಮೈತುಂಬ ರೋಮ ಎದ್ದ ಕಂಬಳಿಹುಳದಂತೆ ದಪ್ಪಗಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದರೆಂದು ಅತ್ತೆ ಆಮೇಲೆ ಸೊಸೆಗೆ ಹೇಳಿದರು. ಹತ್ತಿರ ಹೋದರೆ ಯಂತ್ರ ಆರಿಸಿ, ಟೀ ಇದೆಯಾ ಎಂದು ಕೇಳಿದರಂತೆ.

ಕಿವಿ ಪರೀಕ್ಷೆಗೆ ಬರುತ್ತೇನೆಂದು ಅವರೇ ಒಂದು ದಿನ ಮಗನಿಗೆ ಹೇಳಿದರು. ಆಸ್ಪತ್ರೆಯವರು ಅವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಹೊರಗೆ ನಿಂತಿದ್ದ ಮಗನಿಗೆ, ಸದ್ದು ಬಿಟ್ಟಾಗಲೆಲ್ಲ ಪರೀಕ್ಷೆಯ ಯಂತ್ರದಲ್ಲಿ ಹೊತ್ತುವ ದೀಪ ಕಾಣುತ್ತಿತ್ತು. ಅದು ಹೊತ್ತಿ ಆರುತ್ತಿತ್ತು, ಹೊತ್ತಿ ಆರುತ್ತಿತ್ತು. ಅಪ್ಪನ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಇತ್ತು. ಅವನು ಮುಖ ತಿರುಗಿಸಿಕೊಂಡ.

ಕಿವಿಯ ಯಂತ್ರ ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ಮೇಷ್ಟ್ರು ಚಮಚದ ಸದ್ದಿಗೆ ಬೆಚ್ಚಿದರು, ಪೇಪರ್ ಮಡಚುವ ಸದ್ದಿಗೆ ಬೆಚ್ಚಿದರು. ಹಾಡು ಕೇಳಿ ನೋಡಿದರು. ತಗಡಿನ ಡಬ್ಬಿಯೊಳಗೆ ಯಾರೋ ಅಳುವ ಹಾಗಿದೆ ಎಂದು ಯಂತ್ರ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. ಬೇಕಾದಾಗ ಹಾಕಿಕೊಳ್ಳುವುದು, ಬೇಡವೆಂದಾಗ ತೆಗೆಯುವುದು. ಯಾವಾಗ ಹಾಕಿಕೊಂಡಿದ್ದಾರೆ, ಯಾವಾಗ ಇಲ್ಲ ಎಂದು ಮನೆಯವರಿಗೆ ತಿಳಿಯುತ್ತಿರಲಿಲ್ಲ. ಕೂದಲ ಮರೆಯಲ್ಲಿ ಅದು ಕಾಣುವಂಥದ್ದಲ್ಲ.

ಒಂದು ಬೆಳಗ್ಗೆ ಬೀದಿ ಕೊನೆಯ ಕ್ಷೌರದಂಗಡಿಯವನು ರಿಪೇರಿಗೆ ಕೊಟ್ಟಿದ್ದ ತನ್ನ ರೇಡಿಯೋ ವಾಪಸು ಕೇಳಲು ಬಂದ. ತಿಂಗಳಿಂದ ಬಿದ್ದಿತ್ತು. ಅತ್ತೆ ಬಾಗಿಲಿಗೆ ಹೋದರು. ಮೇಷ್ಟ್ರು ಒಳಗೆ ಕುರ್ಚಿಯಲ್ಲಿದ್ದರು, ಸೊಸೆ ಊಟದ ಡಬ್ಬಿ ಕಟ್ಟುತ್ತಿದ್ದಳು. ಮುದುಕನಿಗೆ ಕೈಲಾಗದಿದ್ದರೆ ಬೋರ್ಡು ಕಿತ್ತು ಹಾಕಬೇಕಪ್ಪ, ಹೋದ ಸಲ ಸರಿ ಮಾಡಿಸಿದ್ದೂ ಎರಡು ದಿನ ಬರಲಿಲ್ಲ, ಹಾಗೇ ಕೊಟ್ಟುಬಿಡಿ ಎಂದ ಕ್ಷೌರಿಕ. ಅತ್ತೆ ರೇಡಿಯೋ ಎತ್ತಿಕೊಟ್ಟು ಕಳಿಸಿ ಒಳಗೆ ಬಂದರು. ಯಾರದು ಎಂದು ಮೇಷ್ಟ್ರು ಕೇಳಿದರು.

"ಕ್ಷೌರದಂಗಡಿಯವನು. ಅವಸರವಂತೆ, ಬೇರೆ ಕಡೆ ಮಾಡಿಸ್ಕೋತಾನಂತೆ. ನಿಮ್ಮ ಆರೋಗ್ಯ ಹೇಗಿದೆ ಅಂತ ಕೇಳ್ದ."

ಮೇಷ್ಟ್ರು ಹೆಂಡತಿಯನ್ನೇ ನೋಡಿದರು. ನಿಧಾನವಾಗಿ ಕೈ ಎತ್ತಿ ಕಿವಿಯ ಹಿಂದಿನಿಂದ ಯಂತ್ರ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಅತ್ತೆ ಗೋಡೆಗೆ ಒರಗಿದರು. ಸೊಸೆಗೆ ಅಲ್ಲಿ ನಿಲ್ಲಬೇಕೋ ಹೋಗಬೇಕೋ ತಿಳಿಯಲಿಲ್ಲ. ಡಬ್ಬಿಯ ಮುಚ್ಚಳ ಹಿಡಿದುಕೊಂಡು ನಿಂತಳು. ಮೇಷ್ಟ್ರು ಯಂತ್ರವನ್ನು ಮತ್ತೆ ಹಾಕಿಕೊಂಡರು.

"ಇಷ್ಟು ವರ್ಷ ಹೀಗೇನಾ?"

"ಮತ್ತೇನು ಮಾಡ್ಲಿ?"

"ಗಿರಾಕಿಗಳು ಹೊಗಳಿದ್ದು? ನಿಮ್ಮ ಹಾಗೆ ಯಾರೂ ಮಾಡಲ್ಲ ಅಂದಿದ್ದು? ಅದೂ ಸುಳ್ಳಾ?"

ಅತ್ತೆ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ನಿಂತರು.

"ಮೊದಮೊದಲು ಹೊಗಳ್ತಿದ್ರು," ಅಂದರು. "ಆಮೇಲೆ ನಾನೇ ಹೊಗಳ್ತಿದ್ದೆ."

ಮೇಷ್ಟ್ರು ಬಯ್ಯುತ್ತಾರೆಂದು ಸೊಸೆ ಕಾದಳು. ಬಯ್ಯಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು, ಹೆಂಡತಿಯ ಪಕ್ಕದಿಂದಲೇ ಮುಂದಿನ ಕೋಣೆಗೆ ಹೋಗಿ, ಬೀದಿ ಬಾಗಿಲಿನ ಚಿಲಕ ಹಾಕಿಕೊಂಡರು. ಆ ದಿನ ಸೊಸೆ ಕೆಲಸಕ್ಕೆ ತಡವಾಗಿ ಹೋದಳು. ಅತ್ತೆಗೆ ಟೀ ಮಾಡಿಕೊಟ್ಟು, ಅವರು ಕುಡಿದು ಲೋಟ ಕೆಳಗಿಡುವವರೆಗೂ ಕೂತಿದ್ದಳು.

ಸಂಜೆ ಅವಳು ಮರಳಿದಾಗ ಬೆಂಚಿನ ಮೇಲೆ ಎರಡು ಆಂಪ್ಲಿಫೈಯರುಗಳೂ ಮುಚ್ಚಳ ತೆಗೆದು ಅಕ್ಕಪಕ್ಕ ಇದ್ದವು. ಮೇಷ್ಟ್ರು ತಮ್ಮದರಿಂದ ದೊಡ್ಡ ಟ್ರಾನ್ಸಿಸ್ಟರುಗಳ ಜೋಡಿಯನ್ನು ಬಿಚ್ಚುತ್ತಿದ್ದರು. ಮಗ ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು, ಅಪ್ಪ ನಿಮ್ಮದು ಹಾಳಾಗುತ್ತಲ್ಲ, ಬೇರೆ ಜಾತಿಯದು ಹಾಕಿ ಹೊಂದಿಸಬಹುದು ಎಂದ. ಹೊಂದಿಸುವುದು ಬೇಡ ಎಂದರು ಮೇಷ್ಟ್ರು. ಆಕೆ ಕೊಟ್ಟಾಗ ಹೇಗಿತ್ತೋ ಹಾಗೇ ಕೊಡಬೇಕು. ನಂದು ಇದ್ದು ಇನ್ನು ಯಾರು ಕೇಳಬೇಕು ಅಂದರು.

ಆ ಮೇಲೆ ಕೆಲವು ಸಂಜೆ ಆ ಕೋಣೆಯಲ್ಲಿ ಕೆಲಸ ನಡೆಯಿತು. ಬೆಸುಗೆ ಮೇಷ್ಟ್ರದು. ಗೆರೆ ನೋಡುವುದು ಮಗ. ಪುಟ್ಟ ಕೆಪಾಸಿಟರು ತನ್ನ ಜಾಗಕ್ಕೆ ಬಂತು. ಗೆರೆ ತೆಳ್ಳಗಾಯಿತು. ಆದರೂ ಹಾಡು ಹಾಕಿದ ಮೇಲೆ ಗೆರೆ ಹೇಳದ್ದು ಎಷ್ಟೋ ಇರುತ್ತದೆ, ಅದಕ್ಕೆ ಒಂದು ಕಿವಿ ಬೇಕು ಎಂದು ಮೇಷ್ಟ್ರು ಸೊಸೆಯನ್ನು ಕರೆದು ಸ್ಪೀಕರಿನ ಮುಂದೆ ಕೂರಿಸಿದರು. ನಿನ್ನ ಗಂಡನ ಕಿವಿ ಲಿಫ್ಟಿನ ಮೋಟರಿಗೆ ಹೊಂದಿಕೊಂಡುಬಿಟ್ಟಿದೆ ಎಂದರು. ಅವಳಿಗೆ ದನಿಯ ಭಾಷೆ ಗೊತ್ತಿರಲಿಲ್ಲ. ಎಡಗಡೆ ಯಾರೋ ಮೂಗು ಹಿಡ್ಕೊಂಡು ಹಾಡಿದ ಹಾಗಿದೆ ಎಂದಳು. ಹಿಂದೆ ಎಲ್ಲೋ ಅವಲಕ್ಕಿ ಹುರಿದ ಹಾಗೆ ಚಟಚಟ ಅಂತಿದೆ ಎಂದಳು. ಎರಡನೆಯ ಮಾತಿಗೆ ಮೇಷ್ಟ್ರು ಚುರುಕಾಗಿ, ಒಂದು ರೆಸಿಸ್ಟರನ್ನು ಬೆರಳಿನಿಂದ ತಟ್ಟಿ, ಈಗ ಎಂದರು. ಜಾಸ್ತಿಯಾಯಿತು ಅಂದಳು. ಅದನ್ನು ಬದಲಾಯಿಸಿದರು. ಈಗ? ಈಗ ಇಲ್ಲ ಮಾವ. ಅವರು ತಲೆ ಆಡಿಸಿದರು. ಆ ಮನೆಗೆ ಬಂದ ಮೇಲೆ ಅವಳ ಮಾತಿಗೆ ಅವರು ನೇರವಾಗಿ ಉತ್ತರ ಕೊಟ್ಟದ್ದು ಅದೇ ಮೊದಲು. ಅವಳಿಗೆ ಸಂತೋಷಪಡಬೇಕೆನಿಸಿತು. ಅವರ ಬೆನ್ನ ಹಿಂದೆ ಖಾಲಿ ಹೊಟ್ಟೆಯ ಇನ್ನೊಂದು ಆಂಪ್ಲಿಫೈಯರ್ ಕಾಣುತ್ತಿದ್ದರಿಂದ ಆಗಲಿಲ್ಲ.

ಕೆಲಸ ಮುಗಿದ ಮಾರನೆಯ ದಿನ ಮೇಷ್ಟ್ರು ಅಂಗಡಿಯ ಬೋರ್ಡನ್ನು ತಾವೇ ಏಣಿ ಹಾಕಿ ಇಳಿಸಿದರು. ಗಿರಾಕಿಗಳ ಸಾಮಾನುಗಳನ್ನೆಲ್ಲ ಮಗನ ಕೈಲಿ ಅವರವರ ಮನೆಗೆ ಕಳಿಸಿದರು. ಮುಂದಿನ ಕೋಣೆಯನ್ನು ನೀವೇ ಇಟ್ಟುಕೊಳ್ಳಿ ಎಂದು ಮಗನಿಗೂ ಸೊಸೆಗೂ ಹೇಳಿದರು. ಸೊಸೆ, ಬೆಂಚು ಇರಲಿ ಮಾವ, ಅಡ್ಡಿಯೇನಿಲ್ಲ ಅಂದಳು. ಅವರು ಕೇಳಿಸಿಕೊಂಡರೋ ಇಲ್ಲವೋ, ಬೆಂಚಿನ ಕಾಲು ಬಿಚ್ಚಲು ಸ್ಪ್ಯಾನರ್ ಹುಡುಕಿದರು.

ಆಂಪ್ಲಿಫೈಯರನ್ನು ಒಯ್ಯುವ ದಿನ ಅತ್ತೆಯೂ ಹೊರಟರು. ಅವರು ಬರಬೇಕೆಂದು ಮೇಷ್ಟ್ರು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮಗ ಗಾಡಿಯಿಂದ ಇಳಿಸಿ, ಮೆಟ್ಟಿಲು ಹತ್ತಿಸಿ, ರೇಡಿಯೋ ಅಮ್ಮನ ಕೋಣೆಯಲ್ಲಿ ಜೋಡಿಸಿಕೊಟ್ಟು ಕೆಳಗೆ ಹೋದ. ರೆಕಾರ್ಡುಗಳು ಗೋಡೆಯುದ್ದಕ್ಕೂ ಇದ್ದವು. ಕೂರಲು ಒಂದೇ ಕುರ್ಚಿ. ಒಬ್ಬರಿಗೆಂದೇ ಇದ್ದ ಕೋಣೆ ಅದು. ಮೇಷ್ಟ್ರು ಆಕೆಗೆ, ನಿಮ್ಮನ್ನು ಕೇಳದೆ ನಾನು ಏನು ಬದಲಾಯಿಸಿದ್ದೆ, ಯಾಕೆ ಬದಲಾಯಿಸಿದ್ದೆ, ಹೇಗೆ ಸುಟ್ಟೆ ಎಂಬುದನ್ನೆಲ್ಲ ಹೇಳಿದರು. ಕಿವಿಯ ಯಂತ್ರವನ್ನು ತೋರಿಸಿದರು. ಆಕೆ ಒಂದು ರೆಕಾರ್ಡು ಆರಿಸಿ ಹಾಕಿ, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು.

ರೆಕಾರ್ಡಿನ ಒಂದು ಪೂರ್ತಿ ಬದಿ ಹಾಡಿತು. ಮೇಷ್ಟ್ರಿಗೆ ಅದು ಡಬ್ಬಿಯೊಳಗಿನ ಗಲಗಲ. ಅವರು ಹಾಡನ್ನು ಬಿಟ್ಟು ಆಕೆಯ ಮುಖವನ್ನೇ ನೋಡುತ್ತ ನಿಂತಿದ್ದರು. ಅಲ್ಲಿ ಒಂದು ಸಲವೂ ಹುಬ್ಬು ಗಂಟಾಗಲಿಲ್ಲ. ಕೊನೆಗೆ ಆಕೆ ಎದ್ದು ಮುಳ್ಳನ್ನು ಎತ್ತಿಟ್ಟರು. ವಾರ್ತೆ ಓದಿದ ಬಾಯಿ. ಪ್ರತಿ ಅಕ್ಷರವೂ ಬೇರೆಬೇರೆಯಾಗಿ ಬಂತು.

"ಈಗ ಸರಿಯಾಗಿದೆ ಮೇಷ್ಟ್ರೇ. ಇನ್ನು ಇದನ್ನ ಮುಟ್ಟಬೇಡಿ. ಕೆಟ್ಟರೂ ನೀವು ಮುಟ್ಟಬೇಡಿ."

ಅತ್ತೆ ಅವರ ಭುಜದ ಹತ್ತಿರ ಸರಿದು, ಮುಖ ಕಾಣುವಂತೆ ಮುಂದೆ ಬಾಗಿ, "ತುಂಬ ಚೆನ್ನಾಗಿ ಮಾಡಿ..." ಎಂದು ಶುರುಮಾಡಿದರು.

ಮೇಷ್ಟ್ರು ಹೆಂಡತಿಯ ಕೈ ಹಿಡಿದುಕೊಂಡರು.

"ಕೇಳಿಸ್ತು ಕಣೇ," ಅಂದರು.